ಎರಡು ಸ್ಕ್ರೂ, ಎರಡೆರಡು ಸುತ್ತು

ಅಕ್ಟೋಬರ್ 19, ಭಾನುವಾರ
ಅಡುಗೆಮನೆಯ ಮೇಜಿನಿಂದ

ಗಡಿಯಾರದವರೇ,

ಸೆಪ್ಟೆಂಬರ್ 28ರ ಭಾನುವಾರ ಬೆಳಿಗ್ಗೆ ಹನ್ನೊಂದೂಕಾಲಿಗೆ, ಮೀನುಗಾಳದವರ ಸಂಘದ ಸಭೆಯಲ್ಲಿ, ಹನ್ನೊಂದು ಜನರೆದುರು ನೀವು ಎದ್ದು ನಿಂತು, "ಅವಳಿಗೆ ಇತ್ತೀಚೆಗೆ ಮರೆವು ಜಾಸ್ತಿ. ಸ್ಕ್ರೂ ಬಿಗಿ ಮಾಡೋದು ಮರೆತಿರ್ತಾಳೆ, ಪಾಪ" ಎಂದಿರಿ. ನಾನು ಪಕ್ಕದ ಕುರ್ಚಿಯಲ್ಲೇ ಇದ್ದೆ. ಆ "ಪಾಪ"ವನ್ನು ನನ್ನ ಮುಖ ನೋಡಿ ಹೇಳಲಿಲ್ಲ, ಗೋಡೆಯ ಗಡಿಯಾರ ನೋಡಿಕೊಂಡು ಹೇಳಿದಿರಿ. ಅದು ನಾಲ್ಕು ನಿಮಿಷ ಹಿಂದಿತ್ತು. ಮೂವತ್ತೆಂಟು ವರ್ಷ ಗಡಿಯಾರ ರಿಪೇರಿ ಮಾಡಿದ ಮನುಷ್ಯ ತಪ್ಪು ಗಂಟೆ ತೋರಿಸುವ ಗಡಿಯಾರವನ್ನು ಮುಟ್ಟದೆ ಕೂತದ್ದು ನನಗೆ ಆಗಲೇ ವಿಚಿತ್ರ ಎನಿಸಿತು.

ಆಮೇಲಿನದ್ದು ನಿಮಗೂ ಗೊತ್ತು. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, ಕುಡಿಯುವ ನೀರಿನ ಕೆರೆಯೊಳಗೆ ಮೋಟಾರು ಬೀಳಿಸುವುದು ಸಣ್ಣ ವಿಷಯವಲ್ಲ ಎಂದರು. ಒಂಬತ್ತು ಕೈ ಮೇಲೆದ್ದವು, ಮೂರು ಏಳಲಿಲ್ಲ. ಒಬ್ಬಳೇ ದೋಣಿ ಇಳಿಸುವ ನನ್ನ ಪರವಾನಗಿ ರದ್ದಾಯಿತು. ಬೇರೆ ಯಾರದಾದರೂ ದೋಣಿಯಲ್ಲಿ ಎರಡನೆಯವಳಾಗಿ ಕೂರಬಹುದಂತೆ, ಬುತ್ತಿ ಡಬ್ಬದ ಹಾಗೆ. ಮೇಲೆದ್ದ ಒಂಬತ್ತು ಕೈಗಳಲ್ಲಿ ನಿಮ್ಮದೂ ಒಂದು. ಅದಾಗಿ ಎರಡೇ ದಿನಕ್ಕೆ, ಅಕ್ಕನಿಗೆ ಮೊಣಕಾಲು ನೋವು, ನೋಡಿಕೊಳ್ಳಲು ಜನ ಬೇಕು ಎಂದು ಚೀಲ ಹಿಡಿದು ಹೊರಟಿರಿ. ಮೊನ್ನೆ ಫೋನು ಮಾಡಿದರೆ ನಿಮ್ಮ ಅಕ್ಕ ಏದುಸಿರು ಬಿಡುತ್ತಾ, "ಈಗ ತಾನೆ ಮಾರ್ಕೆಟ್ಟಿಂದ ನಡ್ಕೊಂಡ್ ಬಂದೆ ಕಣೇ" ಎಂದರು. ಯಾವ ಮೊಣಕಾಲು ಎಂದು ಕೇಳಬೇಕೆನಿಸಿತು.

ದೋಣಿ ಹೋದದ್ದಕ್ಕಿಂತ ಆ ಒಂದು ಮಾತು ನನ್ನನ್ನು ಹೆಚ್ಚು ಸುಟ್ಟಿದೆ. ಮೂವತ್ತೊಂದು ವರ್ಷ ಗ್ರಂಥಾಲಯದಲ್ಲಿ ಕೂತು, ಯಾವ ಪುಸ್ತಕ ಯಾವ ಕಪಾಟಿನ ಎಷ್ಟನೇ ಸಾಲಿನಲ್ಲಿದೆ ಎಂದು ಪಟ್ಟಿ ನೋಡದೆ ಹೇಳಿದವಳು ನಾನು. ಈಗ ಹಾಲಿನವನು ನನಗೆ ಎರಡು ಸಲ ಹೇಳುತ್ತಾನೆ, ಎರಡನೆಯ ಸಲ ನಿಧಾನವಾಗಿ. ಪಕ್ಕದ ಮನೆಯಾಕೆ ಬೀಗ ಹಾಕಿದಿರಾ ಎಂದು ಕಾಂಪೌಂಡಿನಾಚೆಯಿಂದ ಕೂಗುತ್ತಾಳೆ. ಮಗಳು ದಿನಾ ಫೋನು ಮಾಡಿ ಹೇಗೋ ಮಾತು ತಿರುಗಿಸಿ, "ಅಮ್ಮಾ, ಇವತ್ತು ಯಾವ ವಾರ?" ಎನ್ನುತ್ತಾಳೆ. ನಿನ್ನೆ ನಾನು, "ನಿನಗೆ ಗೊತ್ತಿಲ್ವಾ? ಆಫೀಸಿನಲ್ಲಿ ಕ್ಯಾಲೆಂಡರ್ ಕೊಟ್ಟಿಲ್ವಾ?" ಎಂದೆ. ಅವಳು ನಗಲಿಲ್ಲ. ಅದನ್ನೂ ಅವಳು ಎಲ್ಲೋ ಬರೆದಿಟ್ಟುಕೊಂಡಿರಬಹುದು.

ನಾಚಿಕೆಯಾದರೂ ಇದನ್ನು ಹೇಳಿಬಿಡುತ್ತೇನೆ. ಎರಡು ವಾರ ನಾನೂ ನಂಬಿದೆ. ಗ್ಯಾಸ್ ಆರಿಸಿ ಮತ್ತೆ ಹೋಗಿ ನೋಡಿದೆ. ಮಲಗುವ ಕೋಣೆಯಿಂದ ಎದ್ದು ಮೂರನೆಯ ಸಲ ನೋಡಿದೆ. ಇದು ನೀವು ನನಗೆ ಮಾಡಿದ್ದು.

ಆದ್ದರಿಂದ ಮೊದಲು ನನ್ನ ಮರೆವಿನ ಪರೀಕ್ಷೆ ಆಗಿಹೋಗಲಿ. ತಪ್ಪಿದ್ದರೆ ತಿದ್ದಿ.

ಫೆಬ್ರವರಿ 8, ಶನಿವಾರ. ದೋಣಿಯಂಗಡಿ. ನೆಲದ ಮೇಲೆ ಗಾಳಿ ತುಂಬಿದ ಐದು ದೋಣಿಗಳು, ಮೂಲೆಯಲ್ಲಿ ಒಂದು ಟೇಬಲ್ ಫ್ಯಾನು. ಅಂಗಡಿಯವನು ಹತ್ತೂವರೆ ಅಡಿಯದನ್ನು ತಟ್ಟಿ, "ಮೇಡಂ, ಇದರಲ್ಲಿ ಫ್ಯಾಮಿಲಿ ಎಲ್ಲಾ ಹೋಗ್ಬಹುದು" ಎಂದ. ನಾನು ನಿಮ್ಮನ್ನು ತೋರಿಸಿ, "ನಮ್ಮ ಫ್ಯಾಮಿಲಿ ಬಕೆಟ್ಟಿಗಿಂತ ಆಳದ ನೀರಿಗೆ ಇಳಿಯಲ್ಲ" ಎಂದೆ. ನೀವೂ ನಕ್ಕಿರಿ. ನಾನು ಎಂಟೂವರೆ ಅಡಿಯದನ್ನು ಆರಿಸಿದೆ. ತೂಕ ಇಪ್ಪತ್ತನಾಲ್ಕು ಕಿಲೋ, ಗಾಲಿ ಹಾಕಿದರೆ ನಾನೊಬ್ಬಳೇ ನೀರಿನವರೆಗೆ ಎಳೆಯಬಹುದು. ಗಾಳಿಯ ಕೋಣೆಗಳು ಮೂರು, ಬೇರೆ ಬೇರೆ. ಒಂದು ತೂತಾದರೆ ಉಳಿದೆರಡು ಹೊರುತ್ತವೆ. ತಳಕ್ಕೆ ಗಾಳಿಯ ಹಾಸು ಬೇಡ, ಗಾಳ ಬಿದ್ದರೆ ಕೆಟ್ಟಿತು, ಮರದ ಪಟ್ಟಿಯದೇ ಇರಲಿ ಎಂದೆ. ಹಿಂಬದಿಯಲ್ಲಿ ಮೋಟಾರು ಕೂರಿಸುವ ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿದೆ. ಬಣ್ಣ ಮಾತ್ರ ನನ್ನದಲ್ಲ. ಮೀನು ಬೆದರದ ಹಾಗೆ ಪಾಚಿಬಣ್ಣ ಕೇಳಿದ್ದೆ. ನೀವು ಕಿತ್ತಳೆಗೆ ಹಟ ಹಿಡಿದಿರಿ.

"ದೂರದಿಂದ ಕಾಣ್ಬೇಕು" ಎಂದಿರಿ.

"ಯಾರಿಗೆ ಕಾಣ್ಬೇಕು?" ಎಂದೆ.

"ಕಾಣ್ಬೇಕು ಅಷ್ಟೆ."

ಇಪ್ಪತ್ತೊಂಬತ್ತು ವರ್ಷದ ಸಂಸಾರದಲ್ಲಿ ನೀವು ಬಣ್ಣದ ಬಗ್ಗೆ ಬಾಯಿ ಬಿಟ್ಟದ್ದು ಅದೇ ಮೊದಲು. ಮದುವೆಯ ಸೀರೆಗೂ ಬಿಟ್ಟಿರಲಿಲ್ಲ. ಆಗಲೇ ಅನುಮಾನಪಡಬೇಕಿತ್ತು.

ಮೋಟಾರಿನದು ಮರುವಾರ. ಪೆಟ್ರೋಲಿನದಕ್ಕೆ ಆ ಕೆರೆಯಲ್ಲಿ ನಿಷೇಧ. ಬ್ಯಾಟರಿಯದರಲ್ಲಿ ನಲವತ್ತು ಪೌಂಡ್ ಒತ್ತುಬಲದ್ದು ಸಾಕು ಎಂದು ನಾನು ಮೂರು ಕೈಪಿಡಿ ಓದಿ ನಿರ್ಧರಿಸಿದ್ದೆ. ಅಂಗಡಿಯವನು ಕಾರಿನ ಬ್ಯಾಟರಿ ಕಟ್ಟಲು ನೋಡಿದ. ಕಾರಿನದು ಒಂದೇ ಸಲ ಜೋರಾಗಿ ಒದ್ದು ಸುಸ್ತಾಗುತ್ತದೆ, ದೋಣಿಗೆ ನಿಧಾನವಾಗಿ ಬಹಳ ಹೊತ್ತು ಕೊಡುವಂಥದ್ದು ಬೇಕು ಎಂದು ಹೇಳಿ ಎಂಬತ್ತು ಆಂಪಿಯರ್ ಗಂಟೆಯದನ್ನು ತೆಗೆಸಿದೆ. ಅರ್ಧ ಖಾಲಿಯಾಗುವ ಮುನ್ನ ದಡ ಸೇರಬೇಕು, ಅರ್ಧ ವೇಗದಲ್ಲಿ ಎರಡು ಗಂಟೆ, ಎದುರುಗಾಳಿಗೆ ಪೂರ್ತಿ ವೇಗದಲ್ಲಿ ಓಡಿಸಿದರೆ ಒಂದೇ ಗಂಟೆ. ಇಷ್ಟನ್ನೂ ಅಂಗಡಿಯಲ್ಲೇ ಲೆಕ್ಕ ಹಾಕಿ ತೋರಿಸಿದೆ. ನೀವು ಅವನನ್ನು ಒಂದೇ ಪ್ರಶ್ನೆ ಕೇಳಿದಿರಿ: "ಮಧ್ಯದಲ್ಲಿ ನಿಂತುಹೋದ್ರೆ?" ಅವನು, "ಹುಟ್ಟು ಇದೆಯಲ್ಲ ಸಾರ್, ಎರಡು" ಎಂದ. ನೀವು ಎರಡು ಹುಟ್ಟುಗಳನ್ನೂ ಎತ್ತಿ ಎಣಿಸಿದಿರಿ. ಎರಡೇ ಇದ್ದದ್ದನ್ನೂ ಎಣಿಸುವವರನ್ನು ನಾನು ಅಲ್ಲೇ ಮೊದಲು ಕಂಡದ್ದು.

ಜುಲೈಯಿಂದ ನಿಮ್ಮ ರೀತಿ ಬದಲಾಯಿತು. ಶನಿವಾರ ಶನಿವಾರ ಬ್ಯಾಟರಿಗೆ ಮೀಟರು ಹಿಡಿಯತೊಡಗಿದಿರಿ. ಕೇಳದೆಯೇ ಎರಡೂ ಹುಟ್ಟುಗಳನ್ನು ನೈಲಾನ್ ದಾರದಿಂದ ದೋಣಿಗೆ ಕಟ್ಟಿದಿರಿ. ಭಾನುವಾರ ಬೆಳಿಗ್ಗೆ ನಾನು ಹೊರಟ ಮೇಲೆ ನೀವು ಮನೆಯಲ್ಲಿ ಇರುವುದಿಲ್ಲ ಎಂದು ಪಕ್ಕದ ಮನೆಯಾಕೆ ಹೇಳಿದಳು. ಕೇಳಿದರೆ, "ವಾಕಿಂಗು" ಎಂದಿರಿ. ಬಸ್ ನಿಲ್ದಾಣಕ್ಕೂ ಆಟೋ ಹಿಡಿಯುವವರಿಗೆ ವಾಕಿಂಗು. ಆಗಸ್ಟಿನಲ್ಲಿ ಒಂದು ದಿನ ದೋಣಿಯಿಂದ ನೋಡುತ್ತೇನೆ, ಪಂಪ್‌ಹೌಸಿನ ಗೋಡೆಯ ಮಗ್ಗುಲಲ್ಲಿ ನಮ್ಮ ನೀಲಿ ಕೊಡೆ, ಅದರ ಕೆಳಗೆ ನೀವು. ಬಿಸಿಲೂ ಇಲ್ಲ, ಹನಿಯೂ ಇಲ್ಲ. ನಾನು ಕಂಡೆನೆಂದು ಹೇಳಲಿಲ್ಲ. ಕಾವಲು ಕಾಯುವವರಿಗೆ ಕಾಯಿಸಿಕೊಳ್ಳುವವಳು ಯಾಕೆ ವರದಿ ಒಪ್ಪಿಸಬೇಕು?

ಈಗ ಸೆಪ್ಟೆಂಬರ್ 20, ಶನಿವಾರ ಸಂಜೆ. ಸಂಘದ ಶೆಡ್ಡಿನಲ್ಲಿ ಮೋಟಾರನ್ನು ಹಲಗೆಗೆ ಕೂರಿಸಿದೆ. ಎರಡು ಸ್ಕ್ರೂ ಬಿಗಿ ಮಾಡಿದೆ. ಅದು ಕಿತ್ತು ಬಂದರೂ ನೀರಿಗೆ ಹೋಗದಂತೆ ಸರಪಳಿಯನ್ನು ಹಲಗೆಯ ಉಂಗುರಕ್ಕೆ ಸಿಕ್ಕಿಸಿ ಪಿನ್ನು ಹಾಕಿದೆ. ಪ್ರತಿ ಸ್ಕ್ರೂವಿನ ಹಿಡಿಯಿಂದ ಮೋಟಾರಿನ ಕಬ್ಬಿಣದವರೆಗೆ ಕೆಂಪು ನೈಲ್ ಪಾಲಿಶಿನಿಂದ ನಾನು ಒಂದು ಗೆರೆ ಎಳೆದಿರುವುದು ನಿಮಗೆ ಗೊತ್ತು. ಸ್ಕ್ರೂ ಸ್ವಲ್ಪ ತಿರುಗಿದರೂ ಗೆರೆ ಮುರಿದು ಕಾಣುತ್ತದೆ. ನಾನು ಮನೆಗೆ ಬಂದಾಗ ಆರೂವರೆ. ನೀವು ಏಳಕ್ಕೆ "ವಾಕಿಂಗು" ಹೋದಿರಿ. ಶೆಡ್ಡಿನ ಎರಡನೆಯ ಕೀಲಿ ನಿಮ್ಮ ಗೊಂಚಲಿನಲ್ಲಿದೆ.

ಭಾನುವಾರ ಬೆಳಿಗ್ಗೆ ಗೆರೆ ನೋಡಿದೆ. ಎರಡೂ ನೆಟ್ಟಗಿದ್ದವು. ಅದನ್ನು ನಂಬಿ ಸರಪಳಿ ನೋಡಲಿಲ್ಲ, ಅದು ನನ್ನ ತಪ್ಪು, ಒಪ್ಪುತ್ತೇನೆ. ಕಟ್ಟೆಯಿಂದ ಹತ್ತು ಮಾರು ಹೋಗಿ ವೇಗ ಕೊಟ್ಟೆ. ಮೋಟಾರು ಒಮ್ಮೆ ಮೇಲಕ್ಕೆ ಜಿಗಿದು, ತಂತಿ ಕಿತ್ತುಕೊಂಡು, ಗುಳುಂ ಎಂದಿತು. ದಡದಲ್ಲಿದ್ದವರೆಲ್ಲ ನೋಡಿದರು.

ಮೊದಲು ನನಗೆ ಅನುಮಾನ ಬಂದದ್ದು ಅಧ್ಯಕ್ಷರ ಮೇಲೆ. ಆಲದ ಮರದ ಕೆಳಗಿನ ನನ್ನ ಜಾಗದ ಮೇಲೆ ಅವರಿಗೆ ಮೂರು ವರ್ಷದಿಂದ ಕಣ್ಣು. ಆ ಮನುಷ್ಯನ ಕ್ಷಮೆಯನ್ನು ಮನಸ್ಸಿನಲ್ಲೇ ಕೇಳಿದ್ದೇನೆ, ಎದುರಿಗೆ ಕೇಳುವುದಿಲ್ಲ.

ಅಕ್ಟೋಬರ್ 12ರಂದು, ಪಂಪ್‌ಹೌಸಿನ ಜಾಲರಿ ಶುಚಿ ಮಾಡಲು ಮುಳುಗುವವನನ್ನು ಹಿಡಿದು ಮೋಟಾರು ತೆಗೆಸಿದೆ. ಎರಡಾಳು ನೀರು, ಕೆಸರು. ಅವನು ಅದನ್ನು ಕಟ್ಟೆಯ ಮೇಲಿಟ್ಟು, "ಮೇಡಂ, ಇದು ಸಡಿಲಾಗಿ ಬಿದ್ದಂಗಿಲ್ಲ. ನಿಮ್ಮ ಗೆರೆ ನೋಡಿ" ಎಂದ. ನೋಡಿದೆ. ಗೆರೆ ಎರಡೂ ಕಡೆ ಕೂದಲೆಳೆಯಷ್ಟೂ ತಪ್ಪಿಲ್ಲ. ಆದರೆ ಸ್ಕ್ರೂ ಸಡಿಲ. ಮನೆಗೆ ತಂದು ಹಲಗೆಯಷ್ಟೇ ದಪ್ಪದ ಮರದ ತುಂಡಿಗೆ ಹಾಕಿ ಬಿಗಿಮಾಡುತ್ತಾ ಎಣಿಸಿದೆ. ಎಡಗಡೆಯದು ಸರಿಯಾಗಿ ಎರಡು ಸುತ್ತು. ಬಲಗಡೆಯದೂ ಸರಿಯಾಗಿ ಎರಡು ಸುತ್ತು. ಗೆರೆ ಮತ್ತೆ ಗೆರೆಗೇ ಬಂದು ನಿಂತಿತು.

ಮರೆವು ಎರಡು ಸ್ಕ್ರೂಗಳನ್ನು ಸರಿಯಾಗಿ ಎರಡೆರಡು ಸುತ್ತು ತಿರುಗಿಸುವುದಿಲ್ಲ. ಅಧ್ಯಕ್ಷರ ಕೈಗೂ ಅದು ಸಾಧ್ಯವಿಲ್ಲ, ಅವರಿಗೆ ಚಹಾದ ಲೋಟ ಹಿಡಿದರೂ ಚೆಲ್ಲುತ್ತದೆ. ಈ ಊರಿನಲ್ಲಿ ಹಾಗೆ ತಿರುಗಿಸುವ ಬೆರಳುಗಳನ್ನು ನಾನು ಬಲ್ಲೆ.

ಆದರೂ ನಂಬಲಿಲ್ಲ. ಸರಪಳಿಯ ಪಿನ್ನು ಏನಾಯಿತು ಎಂಬ ಪ್ರಶ್ನೆ ಉಳಿದಿತ್ತಲ್ಲ. ಅದು ತುಂಡಾಗಿದ್ದರೆ ನಿಮ್ಮನ್ನು ಬಿಟ್ಟುಬಿಡುತ್ತಿದ್ದೆ. ಬುಧವಾರ ಹಾಲ್‌ನ ಗಡಿಯಾರ ನಿಂತಿತು. ಸೆಲ್ಲು ಹುಡುಕಲು ನಿಮ್ಮ ಕೆಲಸದ ಮೇಜಿನ ಮುಂದೆ ಕೂತೆ. ಭೂತಗನ್ನಡಿಯ ಪಕ್ಕ, ಧೂಳು ಕೂರದಂತೆ ಬೋರಲು ಹಾಕಿದ ಗಾಜಿನ ಲೋಟ. ಲೋಟದ ಕೆಳಗೆ ಜಾಮ್ ಬಾಟಲಿಯ ಮುಚ್ಚಳ. ಮುಚ್ಚಳದಲ್ಲಿ, ಒರೆಸಿ ಎಣ್ಣೆ ಹಚ್ಚಿಟ್ಟ ಪಿನ್ನು.

ಯಾವ ಕಳ್ಳನಾದರೂ ಅದನ್ನು ಕೆರೆಗೆ ಎಸೆಯುತ್ತಿದ್ದ. ನಿಮ್ಮ ಕೈಗೆ ಬರಲಿಲ್ಲ. ಬಿಚ್ಚಿದ ಯಾವ ಬಿಡಿಭಾಗವನ್ನೂ ನೀವು ಎಸೆದವರಲ್ಲ. ಅದು ಮತ್ತೆ ಸೇರುವ ಜಾಗ ಸೇರುವವರೆಗೆ ಮುಚ್ಚಳದಲ್ಲಿರಬೇಕು. ನೆನಪಿದೆಯೇ, ಮದುವೆಯಾದ ಮೂರನೆಯ ವರ್ಷ ನಾನು ಸ್ಕೂಟರು ಕಲಿತ ಹೊಸತರಲ್ಲಿ ಅದರ ಪ್ಲಗ್ಗು ಎಂಟು ದಿನ ಕಾಣೆಯಾಗಿತ್ತು? ಹೆದ್ದಾರಿಯ ಆಚೆಗಿನ ಶಾಖೆಗೆ ನನ್ನನ್ನು ವರ್ಗ ಮಾಡಿದ್ದ ವಾರ ಅದು. ವರ್ಗ ರದ್ದಾದ ಮೇಲೆ ಒಂದು ಮುಚ್ಚಳದಲ್ಲಿ ಸಿಕ್ಕಿತು. "ಅರೆ, ಇಲ್ಲೇ ಇತ್ತಲ್ಲೇ" ಎಂದಿರಿ. ಆಗ ನಕ್ಕು ಸುಮ್ಮನಾದೆ. ಮುಖ್ಯ ಸಾಕ್ಷ್ಯವನ್ನು ಇಪ್ಪತ್ತಾರು ವರ್ಷ ನೆನಪಿನಲ್ಲಿಟ್ಟುಕೊಂಡ ಈ ಹೆಂಗಸಿಗೆ ಮರೆವಂತೆ.

ನಿಮ್ಮ ಕಾರಣ ನನಗೆ ಬೇಡ. ಕಾರಣವನ್ನು ನಾನು ಊಹಿಸಬಲ್ಲೆ, ಅದು ಎಂಥದ್ದೇ ಇರಲಿ, ನೀವು ಅದನ್ನು ನನಗೆ ಹೇಳಬಹುದಿತ್ತು. ಈ ಅಡುಗೆಮನೆಯಲ್ಲಿ ಎರಡು ಕುರ್ಚಿಗಳಿವೆ. ನೀವು ಹೇಳಲಿಲ್ಲ. ಮೋಟಾರು ಬೀಳುವಂತೆ ಮಾಡಿದಿರಿ, ಆಮೇಲೆ ಅದನ್ನು ಮುಚ್ಚಲು ನನ್ನ ತಲೆಯನ್ನೇ ಕೆಟ್ಟದ್ದು ಎಂದಿರಿ. ಮೊದಲನೆಯದನ್ನು ಹೇಗೋ ನುಂಗಿಯೇನು.

ಮುಂದಿನ ಸಭೆ ಅಕ್ಟೋಬರ್ 26ರ ಭಾನುವಾರ, ಹನ್ನೊಂದಕ್ಕೆ. ಫೋನಿನಲ್ಲಿ ಕ್ಷಮೆ ಬೇಡ, ಮಗಳ ಮೂಲಕ ಸಂಧಾನ ಬೇಡ. ಅದೇ ಹನ್ನೊಂದು ಜನರೆದುರು, ಅದೇ ಕುರ್ಚಿಯಿಂದ ಎದ್ದು, ಪಿನ್ನನ್ನು ಮೇಜಿನ ಮೇಲಿಟ್ಟು, ಎರಡು ಪ್ರಶ್ನೆಗೆ ಎಲ್ಲರಿಗೂ ಕೇಳುವಂತೆ ಉತ್ತರಿಸಿ. ಸೆಪ್ಟೆಂಬರ್ 20ರ ಸಂಜೆ ಏಳು ಗಂಟೆಗೆ ಶೆಡ್ಡಿನಲ್ಲಿ ಯಾರಿದ್ದರು? ಮರೆತವರು ಯಾರು?

ಇಪ್ಪತ್ತೊಂಬತ್ತು ವರ್ಷ ನಿಮ್ಮ ಜೊತೆಗಿದ್ದು, ಒಂದನ್ನೂ ಮರೆಯದ,
ನಿಮ್ಮ ಗ್ರಂಥಾಲಯದವಳು

ಮತ್ತೆ ಒಂದು ಮಾತು: ಮೇಲಿನ ಸಾಲು ಪೂರ್ತಿ ನಿಜವಲ್ಲ. ಜೂನ್ 29ರಂದು ನಾನು ಮೂರು ಗಂಟೆ ತಡವಾಗಿ ಬಂದು, ಮೀನು ಚೆನ್ನಾಗಿ ಕಚ್ಚುತ್ತಿತ್ತು ಎಂದಿದ್ದೆ. ಕಚ್ಚುತ್ತಿರಲಿಲ್ಲ. ಎದುರುಗಾಳಿಗೆ ಬ್ಯಾಟರಿ ಮುಗಿದು ಕೆರೆಯ ನಡುವೆ ತೇಲುತ್ತಿದ್ದೆ. ಒಂದು ಹುಟ್ಟನ್ನು ಶೆಡ್ಡಿನಲ್ಲೇ ಮರೆತು ಹೋಗಿದ್ದೆ. ಒಂದೇ ಹುಟ್ಟಿನಲ್ಲಿ ದೋಣಿ ಇದ್ದಲ್ಲೇ ಸುತ್ತುತ್ತದೆ. ಹೇಗೋ ದಡ ಸೇರಿದಾಗ, ಮರೆತ ಹುಟ್ಟು ಕಟ್ಟೆಯ ಕಟ್ಟಕಡೆಯ ಕಲ್ಲಿನ ಮೇಲಿತ್ತು, ಒದ್ದೆಯಾಗಿ. ಸುತ್ತ ಯಾರೂ ಇರಲಿಲ್ಲ. ಮನೆಗೆ ಬಂದರೆ ತಂತಿಯ ಮೇಲೆ ನಿಮ್ಮ ಪ್ಯಾಂಟು ಒಣಗುತ್ತಿತ್ತು, ಸೊಂಟದವರೆಗೆ ಒದ್ದೆ. ಬಕೆಟ್ಟು ಮಗುಚಿತು ಎಂದಿರಿ. ಈಜು ಬಾರದವರು ಸೊಂಟದ ಮಟ್ಟದ ನೀರಿನಲ್ಲಿ ಎಷ್ಟು ಹೊತ್ತು ನಿಂತಿದ್ದಿರಿ ಎಂದು ನಾನು ಅಂದೇ ಕೇಳಬೇಕಿತ್ತು. ಈಗ ಕೇಳುತ್ತಿದ್ದೇನೆ. ಅದಕ್ಕೂ ಸಭೆಯಲ್ಲೇ ಉತ್ತರ ಕೊಡಿ. ನಿಮ್ಮ ಸರದಿ ಮುಗಿದ ಮೇಲೆ ನಾನು ಎದ್ದು ಹುಟ್ಟಿನ ವಿಷಯ ಹೇಳುತ್ತೇನೆ.