ನಕ್ಷೆಯಲ್ಲಿ ಬಿಟ್ಟ ಮೂರು ಬಾಣ

ಸೆಪ್ಟೆಂಬರ್ ೧೪, ಭಾನುವಾರ

ರೆಜಿಸ್‌ನ ನಗು ಕಣ್ಣಿಂದ ಹೋಗುತ್ತಿಲ್ಲ.

ನನ್ನ ವಸತಿಗೃಹಕ್ಕೆ ಬರುವ ಸೈಕಲ್ ಸವಾರರಿಗೆ ಅರ್ದೆಶ್ ಬೆಟ್ಟಗಳ ದಾರಿಯನ್ನು ನಾನೇ ಬರೆದುಕೊಡುತ್ತೇನೆ. ಏರು ಇರುವಲ್ಲಿ ಒಂದು ಬಾಣ, ತೀರಾ ಕಡಿದಾದಲ್ಲಿ ಮೂರು. ರೆಜಿಸ್‌ನ ನಕ್ಷೆಯಲ್ಲಿ ಆ ಮೂರನ್ನೂ ಬೇಕೆಂದೇ ಹಾಕದೆ ಬಿಟ್ಟೆ. ನನ್ನನ್ನು ಬಿಟ್ಟುಹೋದ ಸೊಲಾಂಜ್ ಅವನನ್ನು ಮದುವೆಯಾಗಿದ್ದಾಳೆ; ಇಬ್ಬರೂ ಇಲ್ಲೇ ತಂಗಿದ್ದಾರೆ. ಅವಳೆದುರೇ ಅವನು ಏದುಸಿರು ಬಿಡಲಿ ಎಂದು.

ಸಂಜೆ ನಗುತ್ತಾ ಬಂದ. “ಎಂಥಾ ದಾರಿ ಮಾರಾಯ! ಒಂದ್ ಕಾರಿಲ್ಲ. ಏರಲ್ಲಿ ನನ್ ಕೈಲಾಗ್ಲಿಲ್ಲ, ಇವಳೇ ಬೆನ್ನಿಗೆ ಕೈಯಿಟ್ಟು ತುದಿವರೆಗೂ ತಳ್ಳಿದ್ಲು.”

ಅವನು ಸ್ನಾನಕ್ಕೆ ಹೋದ ಮೇಲೆ ಸೊಲಾಂಜ್ ನಕ್ಷೆಯನ್ನು ನನ್ನ ಮುಂದಿಟ್ಟಳು. “ಆ ಏರು ನಂಗೊತ್ತಿಲ್ವಾ? ಹದಿನೆಂಟು ವರ್ಷ ನಿನ್ ಹಿಂದೆ ಹತ್ತಿದೀನಿ. ನೀನು ಒಂದ್ಸಲಾನೂ ತಿರುಗಿ ನೋಡ್ಲಿಲ್ಲ.”

ನಾಳೆಗೂ ನಕ್ಷೆ ಬೇಕಂತೆ ಅವನಿಗೆ. ಬರೆದಾಯಿತು. ಬಾಣ ಇನ್ನೂ ಹಾಕಿಲ್ಲ.