ಅಮ್ಮನ ಬಾಯಲ್ಲಿದ್ದ ಪುಸ್ತಕ

೧೫೨೧, ಅಕ್ಟೋಬರ್ ೧೯. ಬಕಿಂಗ್‌ಹ್ಯಾಮ್ ಸೀಮೆ.

ಚರ್ಚಿನಲ್ಲಿ ಬೆಳಗಿನ ಪೂಜೆ ಮುಗಿಸಿದೆ. ಬಂದವರೇ ನಾಲ್ಕು ಜನ, ಅದರಲ್ಲೂ ಮುದುಕ ಹ್ಯಾಮಂಡನಿಗೆ ನಿದ್ದೆ. ಆಮೇಲೆ ಬಿಷಪ್ಪರ ಅಧಿಕಾರಿ ಕರೆಸಿದ. ನೇಕಾರನೊಬ್ಬನ ಮನೆಯಲ್ಲಿ ಸಿಕ್ಕ ಪುಸ್ತಕ ಕೈಗಿತ್ತ. ಸುವಾರ್ತೆ — ಲ್ಯಾಟಿನ್ನಿನಲ್ಲಲ್ಲ, ಚರ್ಚು ನಿಷೇಧಿಸಿದ ಇಂಗ್ಲಿಷಿನಲ್ಲಿ!

"ತಪ್ಪು ಹುಡುಕಿ ಕೊಡಿ ಪಾದ್ರಿಗಳೇ. ಇದನ್ನ ಸುಡೋಕೆ ಜನರ ಮುಂದೆ ಒಂದು ಕಾರಣ ಬೇಕಲ್ಲ."

ಲ್ಯಾಟಿನ್ ಗ್ರಂಥ ಪಕ್ಕದಲ್ಲಿಟ್ಟುಕೊಂಡು ನೋಡುತ್ತಿದ್ದೇನೆ. ಒಂದೂ ಸಿಕ್ಕಿಲ್ಲ. ನನ್ನ ಕಣ್ಣೇ ಸರಿಯಿಲ್ಲವೋ?

ಅಕ್ಟೋಬರ್ ೨೧. ಮಧ್ಯಾಹ್ನ.

ಗಟ್ಟಿಯಾಗಿ ಓದಿಕೊಳ್ಳುತ್ತಿದ್ದೆ. ಅಮ್ಮ ಬೆಣ್ಣೆ ಕಡೆಯುತ್ತಿದ್ದಳು. ಪ್ರಭುವಿನ ಬೆಟ್ಟದ ಮೇಲಿನ ಉಪದೇಶದ ನಡುವೆ ಒಂದು ಹಾಳೆ ಹರಿದುಹೋಗಿತ್ತು. ನಿಲ್ಲಿಸಿದೆ. ಅಮ್ಮ ನಿಲ್ಲಿಸಲಿಲ್ಲ. ಕಡೆಯುತ್ತಲೇ ಮುಂದಿನದನ್ನು ಹೇಳಿದಳು... ಇಂಗ್ಲಿಷಿನಲ್ಲಿ, ಪೂರಾ ಹಾಳೆ. ಅಕ್ಷರ ಗೊತ್ತಿಲ್ಲದ ನನ್ನಮ್ಮ!

"ಎಲ್ಲಿ ಕಲಿತೆ?"

"ನಮ್ಮಜ್ಜಿ ಹೇಳಿಕೊಟ್ಟಿದ್ದು ಕಣೋ. ತೊಟ್ಟಿಲಲ್ಲಿದ್ದಾಗ ನಿಂಗೂ ಹೇಳಿದೀನಿ. ನೀನು ಲ್ಯಾಟಿನ್ ಕಲ್ತು ದೊಡ್ಡೋನಾದೆ, ನಾನು ಬಾಯಿ ಮುಚ್ಕೊಂಡೆ."

ಸಿಟ್ಟೋ ಹೆದರಿಕೆಯೋ ತಿಳಿಯದು. ಕೇಳಲು ಇಷ್ಟು ಹಿತವಾದದ್ದು ಪಾಪ ಹೇಗಾದೀತು? ತಲೆ ಚಿಟ್ಟು ಹಿಡಿದಿದೆ.

ಅಕ್ಟೋಬರ್ ೨೭.

ಇಷ್ಟು ದಿನ ಬರೆಯಲು ಕೈ ಏಳಲಿಲ್ಲ. ನಾಳೆ ಚರ್ಚಿನಲ್ಲಿ ಊರಿನವರೆಲ್ಲ ಅಧಿಕಾರಿಯ ಮುಂದೆ ಪ್ರಮಾಣ ಮಾಡಬೇಕು — ಇಂಗ್ಲಿಷ್ ಗ್ರಂಥ ಬಲ್ಲವರು ಯಾರೆಂದು ಹೇಳಬೇಕು. ಮೊದಲು ನಾನೇ. ಪಕ್ಕದೂರಿನಲ್ಲಿ ಮಗಳೇ ಅಪ್ಪನ ಹೆಸರು ಹೇಳಿದಳು. ಅಪ್ಪನನ್ನು ಸುಟ್ಟರು.

ಅಮ್ಮನಿಗೆ ತಿಳಿಸಿದೆ.

"ನನ್ ಹೆಸರು ಹೇಳು. ಆಣೆ ಇಟ್ಟು ಸುಳ್ಳಾಡ್ಬೇಡ."

ಹುಚ್ಚಿ!

ಅಕ್ಟೋಬರ್ ೨೮.

ಗ್ರಂಥದ ಮೇಲೆ ಕೈಯಿಟ್ಟು "ಅಂಥವರು ಯಾರೂ ಗೊತ್ತಿಲ್ಲ" ಎಂದುಬಿಟ್ಟೆ. ಮನೆಗೆ ಬಂದರೆ ಅಮ್ಮ ಗಂಜಿ ಬಡಿಸುತ್ತಿದ್ದಳು.

"ಏನಂದೆ?"

ಹೇಳಿದೆ. ಸೌಟು ಕೆಳಗಿಟ್ಟಳು.

"ನನ್ನನ್ನ ಉಳಿಸೋಕೆ ನೀನು ನರಕಕ್ಕೆ ಹೋಗೋದಾ? ನಾನೇ ಹೋಗಿ ನಿಜ ಹೇಳ್ತೀನಿ, ಸುಮ್ನಿರು."

ಮುಸುಕು ಹೊದ್ದು ಹೊರಟೇಬಿಟ್ಟಳು. ಅಧಿಕಾರಿ ಇನ್ನೂ ಚರ್ಚಿನಲ್ಲೇ ಇದ್ದಾನೆ. ಅವಳು ಬಾಯಿಬಿಟ್ಟರೆ ಅವಳಿಗೆ ಬೆಂಕಿ. ನನ್ನ ಸುಳ್ಳೂ ಬಯಲು. ಓಡಿಹೋಗಿ ತಡೆಯಬೇಕು. ಅವಳಿಗಾಗಿಯೋ, ನನಗಾಗಿಯೋ? ಅದು ತಿಳಿಯದೆ ಹೀಗೆ ಬರೆಯುತ್ತ ಕೂತಿದ್ದೇನೆ, ಮೂರ್ಖ. ಕಿಟಕಿಯಿಂದ ಕಾಣುತ್ತಾಳೆ. ಮೆಲ್ಲಗೆ ನಡೆಯುತ್ತಿದ್ದಾಳೆ, ಮಂಡಿನೋವು. ಈಗ ಕೂಗಿದರೂ ಕೇಳಿಸೀತು. ಅಮ್ಮಾ ಅಂತ ಒಮ್ಮೆ ಕೂಗಿದರೆ—