ಕಚೇರಿ ಮೇಲೆ ಕಚೇರಿ

ದಿಬ್ಬೂರಹಳ್ಳಿಯ ನನ್ನ ಮಾವನಿಗೆ,

ರೇಷ್ಮೆ ಹುಳಕ್ಕೆ ಸೊಪ್ಪು ಕತ್ತರಿಸುತ್ತ ದಿನಾ ಬೆಳಿಗ್ಗೆ ಹೇಳುತ್ತಿದ್ದೆಯಲ್ಲ, ಹಳೆಯ ರಾಕ್ ಸಂಗೀತದಲ್ಲಿ ಆ ತಾರೀಖಿಗೆ ಏನಾಗಿತ್ತು ಎಂದು. ಇಂದು ಜನವರಿ ಮೂವತ್ತು. ಹೋದ ವರ್ಷ ಇದೇ ದಿನ ನೀನು, "ಲಂಡನ್‌ನಲ್ಲಿ ಇವತ್ತು ಕಚೇರಿ ಮೇಲೆ ಕಚೇರಿ ಮಾಡಿದ್ರು ಕಣೇ!" ಎಂದೆ. ಅತ್ತೆ ತಲೆಯೆತ್ತದೆ ಕೇಳಿದಳು: "ಯಾಕೆ, ಪಹಣಿ ಕೊಡ್ಲಿಲ್ವಂತಾ?"

ನಗು ನಿಂತ ಮೇಲೆ ನೀನೇ ಬಿಡಿಸಿ ಹೇಳಿದೆ. ನಿನ್ನ ಮೆಚ್ಚಿನ ರಾಕ್ ತಂಡದ ಸಂಗೀತ ಕಚೇರಿ, ತಮ್ಮದೇ ಆಫೀಸಿನ ಮಾಳಿಗೆಯ ಮೇಲೆ, ಕೊರೆಯುವ ಚಳಿ, ಟಿಕೆಟ್ಟಿಲ್ಲ. ಬೀದಿಯ ಜನ ಕತ್ತೆತ್ತಿ ನಿಂತರು, ಪೊಲೀಸರು ಮೇಲೆ ಹತ್ತಿದರು. ಆ ತಂಡ ಜನರೆದುರು ಒಟ್ಟಿಗೆ ನುಡಿಸಿದ್ದು ಅದೇ ಕೊನೆ. ಕೆಳಗೆ ನಿಂತವರಿಗೆ ಅದು ಗೊತ್ತಿತ್ತಾ ಮಾವ? ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು, ಯಾವ ರಾಜನ ಇಸವಿಯೂ ತಲೆಯಲ್ಲಿ ನಿಲ್ಲಲಿಲ್ಲ. ಇದು ಮಾತ್ರ ಮೈ ಜುಂ ಎನ್ನಿಸಿ ಕೂತುಬಿಟ್ಟಿತು. "ಮುಂದಿನ ಸಲ ನಮ್ಮ ಹುಳದ ಮನೆ ಮೇಲೆ ನೀನು ಬಾರಿಸ್ಬೇಕು, ನನ್ನ ಗಿಟಾರ್ ನಿಂಗೇ" ಎಂದೆ ನೀನು. ನಾನು ಹೂಂ ಅಂದೆ. ಆಷಾಢದಲ್ಲಿ ನೀನೇ ಇಲ್ಲವಾದೆ.

ಈ ಬೆಳಿಗ್ಗೆ ನಿನ್ನ ಎಲೆಕ್ಟ್ರಿಕ್ ಗಿಟಾರ್, ಸ್ಪೀಕರ್ ಎರಡನ್ನೂ ಮಾಳಿಗೆಗೆ ಹೊತ್ತೆ. ವೈರು ಸಿಕ್ಕಿಸುವಷ್ಟರಲ್ಲಿ ಅತ್ತೆ ಮೆಟ್ಟಿಲ ಬುಡಕ್ಕೆ ಬಂದಳು.

"ಬೇಡಪ್ಪ. ಹುಳ ನಾಲ್ಕನೇ ಜ್ವರಕ್ಕೆ ಕೂತವೆ."

"ಒಂದೇ ಒಂದು ಅತ್ತೆ. ಮಾವಂಗೆ ಮಾತು ಕೊಟ್ಟಿದ್ದೀನಿ."

"ನಿಮ್ಮಾವ ಜ್ವರದ ದಿನ ಕೆಮ್ಮೋಕೂ ಆಚೆ ಹೋಗೋರು ಕಣೋ. ಬಾ, ನೋಡು."

ನೋಡಿದೆ. ಪೊರೆ ಕಳಚುವ ಮುನ್ನ ಹುಳ ಮೇವು ಬಿಟ್ಟು ಅಲುಗದೆ ಕೂರುವುದನ್ನು, ಅದನ್ನೇ ಜ್ವರ ಎನ್ನುವುದನ್ನು ಚಿಕ್ಕಂದಿನಿಂದ ಕಂಡಿದ್ದೇನೆ. ಆದರೆ ಇಂದು... ತಟ್ಟೆ ತಟ್ಟೆಯಲ್ಲೂ ಸಾವಿರಾರು ಹುಳ ತಲೆ ಮೇಲೆತ್ತಿ, ಒಂದೂ ಮಿಸುಕದೆ. ಲಂಡನ್ನಿನ ಆ ಬೀದಿ ಹೀಗೇ ಇತ್ತೇನೋ. ಉಸಿರು ಬಿಡಲೂ ಅಂಜಿಕೆಯಾಯಿತು.

ಸ್ಪೀಕರ್ ಇಳಿಸಿಬಿಟ್ಟೆ. ವೈರಿಲ್ಲದ ಆ ಗಿಟಾರ್ ಎಷ್ಟು ಕೇಳಿಸುತ್ತದೆ, ನಿನಗೆ ಗೊತ್ತಲ್ಲ, ಸೊಳ್ಳೆಯಷ್ಟು. ಮಾಳಿಗೆಯಲ್ಲಿ ಕೂತು ಹಾಗೇ ನುಡಿಸಿದೆ. ಚೆನ್ನಾಗಿ ಬಂತು ಎಂದು ಸುಳ್ಳು ಬರೆಯುವುದಿಲ್ಲ. ಎರಡು ಕಡೆ ಬೆರಳು ಜಾರಿತು. ಅಷ್ಟರಲ್ಲಿ ಅತ್ತೆ ಮೇಲೆ ಬಂದಳು. ಏನೂ ಕೇಳಿಸಲಿಲ್ಲವೇನೋ, ಪಕ್ಕದಲ್ಲಿ ಕೂತು ಗಿಟಾರಿನ ಮರಕ್ಕೆ ಕಿವಿ ಒತ್ತಿದಳು. ನೀನು ಹಾಡು ಹಾಕಿದರೆ ಎದ್ದು ಹೋಗುತ್ತಿದ್ದವಳು ಮಾವ, ಮುಗಿಯುವವರೆಗೂ ತಲೆ ತೆಗೆಯಲಿಲ್ಲ.

"ಒಳಗೆ ಇಷ್ಟೆಲ್ಲಾ ಇತ್ತಾ?" ಎಂದಳು. ಕಿವಿ ಅಲ್ಲೇ ಇಟ್ಟುಕೊಂಡು, "ಇನ್ನೊಂದ್ಸಲ ಬಾರ್ಸು. ಮೆತ್ತಗೆ."